ಸೂಳೆಕೆರೆಯ ಏರಿಯ ಮೇಲೆ: ಕೆರೆಯ ಆರು ದೋಷಗಳ ವಿಚಾರ

ಚನ್ನಗಿರಿ ತಾಲ್ಲೂಕಿನ ಊರುಗಳ ಹೆಸರುಗಳನ್ನು ಓದುತ್ತ ಹೋದರೆ ಅಲ್ಲಿನ ಜಲಚರಿತ್ರೆಯ ಮೊದಲ ಪುಟ ತಾನಾಗಿ ತೆರೆದುಕೊಳ್ಳುತ್ತದೆ. ಕತ್ತಲಗೆರೆ, ಹೊದಿಗೆರೆ, ತಾವರೆಕೆರೆ. ಜಿಲ್ಲಾ ಕೇಂದ್ರದ ಹೆಸರೂ ದಾವಣಗೆರೆ. ಉತ್ತರಪದದ ಆದಿಯಲ್ಲಿರುವ ಕಕಾರಕ್ಕೆ ಗಕಾರ ಆದೇಶವಾಗುವುದಕ್ಕೆ ವ್ಯಾಕರಣದ ಅಧ್ಯಾಪಕರು ಉದಾಹರಣೆ ಹುಡುಕಬೇಕಾದ ಅಗತ್ಯ ಈ ಸೀಮೆಯಲ್ಲಿ ಬರಲಾರದು. ಶ್ರವಣಬೆಳಗೊಳದ ಹೆಸರಿನಲ್ಲಿರುವುದೂ ಒಂದು ಬಿಳಿಯ ಕೊಳವೇ. ಊರು ಹುಟ್ಟುವ ಮೊದಲು ನೀರು ನಿಂತಿರಬೇಕು, ನಿಂತ ನೀರಿನ ಬಳಿ ಜನ ನಿಲ್ಲಬೇಕು ಎಂಬ ಸರಳ ಸತ್ಯವನ್ನು ಈ ಹೆಸರುಗಳು ಹೇಳುತ್ತವೆ. ಹೊದಿಗೆರೆಯನ್ನು ಇತಿಹಾಸದ ವಿದ್ಯಾರ್ಥಿಗಳು 1664ರಲ್ಲಿ ಅಲ್ಲಿ ಮಡಿದ ಷಹಾಜಿ ಭೋಸಲೆಯ ಸಮಾಧಿಯಿಂದ ಗುರುತಿಸುತ್ತಾರೆ. ಕತ್ತಲಗೆರೆಯನ್ನು ರೈತರು ಅಲ್ಲಿರುವ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರದಿಂದ ಗುರುತಿಸುತ್ತಾರೆ. ಹೆಸರಿನೊಳಗಿನ ಕೆರೆಯಿಂದ ಆ ಊರುಗಳನ್ನು ಗುರುತಿಸುವವರು ಈಗ ಕಡಿಮೆ. ಕೆರೆಯು ನೆಲದಿಂದ ಮರೆಯಾದ ಮೇಲೂ ಭಾಷೆಯಲ್ಲಿ ಉಳಿದಿರುತ್ತದೆ. ಆದರೆ ಭಾಷೆಯಲ್ಲಿ ಉಳಿದದ್ದು ಬಾಯಾರಿಕೆಯನ್ನು ತಣಿಸಲಾರದು.

ಈ ಸೀಮೆಯಲ್ಲಿ ಹೆಸರಿನೊಂದಿಗೆ ನೀರನ್ನೂ ಉಳಿಸಿಕೊಂಡು ಬಂದಿರುವ ಮಹಾಕೆರೆ ಒಂದಿದೆ. ಜನರ ಬಾಯಲ್ಲಿ ಅದು ಸೂಳೆಕೆರೆ, ನಾಮಫಲಕಗಳಲ್ಲಿ ಶಾಂತಿಸಾಗರ. ಸುತ್ತಲಿನ ಗುಡ್ಡಗಳಿಂದ ಇಳಿದು ಬರುವ ಹಳ್ಳಗಳೆಲ್ಲ ಕೂಡಿ ಹರಿದ್ರಾ ಎಂಬ ಹೊಳೆಯಾಗಿ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಹೊರಬೀಳುತ್ತಿದ್ದ ಜಾಗವನ್ನು ಆರಿಸಿ, ಅಲ್ಲಿ ಏರಿ ಹಾಕಿ, ಈ ಕೆರೆಯನ್ನು ಕಟ್ಟಲಾಗಿದೆ. ಇಲ್ಲಿಂದ ಮುಂದೆ ಸಾಗುವ ಹೊಳೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಪರಂಪರೆ ಈ ಕೆರೆಯನ್ನು ಹನ್ನೊಂದು, ಹನ್ನೆರಡನೆಯ ಶತಮಾನದ ಆಸುಪಾಸಿಗೆ ಸೇರಿಸುತ್ತದೆ. ನೀರು ಹರಿದು ಬರುವ ಜಲಾನಯನ ಪ್ರದೇಶ ಸುಮಾರು 330 ಚದರ ಕಿಲೋಮೀಟರ್. ಅದನ್ನು ತಡೆದು ನಿಲ್ಲಿಸಿರುವ ಏರಿಯ ಉದ್ದ ಸಾವಿರ ಅಡಿಗೂ ಕಡಿಮೆ. ಈ ಎರಡು ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಕಟ್ಟಿದವರ ಬುದ್ಧಿಯ ಎತ್ತರ ತಿಳಿಯುತ್ತದೆ. ಮೈಲಿಗಟ್ಟಲೆ ಮಣ್ಣು ಹೊತ್ತು ಹಾಕುವ ಬದಲು ಅವರು ನೆಲವನ್ನು ಓದಿದರು. ಬೆಟ್ಟಗಳೇ ಕಟ್ಟೆಯ ಬಹುಪಾಲು ಕೆಲಸವನ್ನು ಮಾಡಿಕೊಡುವ ಒಂದು ಸಂದನ್ನು ಹುಡುಕಿದರು.

ರಜೆಯ ದಿನಗಳಲ್ಲಿ ಈ ಏರಿಯ ಮೇಲೆ ಜನ ನೆರೆಯುತ್ತಾರೆ. ಗುಡ್ಡದ ಮೇಲಿನ ಸಿದ್ಧೇಶ್ವರನ ದರ್ಶನ ಮುಗಿಸಿದವರು ಇಳಿದು ಬಂದು ನೀರಿನ ಎದುರು ನಿಲ್ಲುತ್ತಾರೆ. ಮಕ್ಕಳು ಕಲ್ಲೆಸೆಯುತ್ತಾರೆ, ಹಿರಿಯರು ಬುತ್ತಿ ಬಿಚ್ಚುತ್ತಾರೆ, ಯುವಕರು ಬೆನ್ನನ್ನು ನೀರಿಗೆ ಕೊಟ್ಟು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಏರಿಯ ಮೇಲೆ ನಿಂತವನಿಗೆ ಒಂದು ಮಗ್ಗುಲಲ್ಲಿ ದಿಗಂತದವರೆಗೆ ನೀರು, ಇನ್ನೊಂದು ಮಗ್ಗುಲಲ್ಲಿ ಸಿದ್ಧನಾಲೆ, ಬಸವನಾಲೆಗಳು ಹಸಿರಾಗಿಸಿದ ಬಯಲು. ಈ ನೋಟ ಎಷ್ಟು ತೃಪ್ತಿಕರವೆಂದರೆ, ಕೆರೆಯನ್ನು ಪೂರ್ತಿಯಾಗಿ ನೋಡಿದೆನೆಂಬ ಭಾವನೆ ಪ್ರವಾಸಿಯಲ್ಲಿ ಮೂಡುವುದು ಸಹಜ. ವಾಸ್ತವದಲ್ಲಿ ಅವನು ನೋಡಿದ್ದು ಕೆರೆಯ ಒಂದು ಅಂಗವನ್ನು ಮಾತ್ರ. ಕೆರೆಯೆಂದರೆ ನಿಂತ ನೀರಿನ ರಾಶಿಯಲ್ಲ. ನೀರು ಬರುವ ಹಳ್ಳ, ನೀರು ನಿಲ್ಲುವ ಅಂಗಳ, ತಡೆಯುವ ಏರಿ, ಬಿಡುವ ತೂಬು, ಹೆಚ್ಚಾದುದನ್ನು ಹೊರಹಾಕುವ ಕೋಡಿ, ಉಣ್ಣುವ ಅಚ್ಚುಕಟ್ಟು, ಇಷ್ಟನ್ನೂ ಕಾಯುವ ಮನುಷ್ಯರು ಸೇರಿ ಒಂದು ಕೆರೆ. ಇವುಗಳಲ್ಲಿ ಹೆಚ್ಚಿನವು ಏರಿಯ ಮೇಲಿನಿಂದ ಕಾಣುವುದಿಲ್ಲ.

ಕಾಣದವುಗಳಲ್ಲಿ ಮೊದಲನೆಯದು ಕೆರೆಯ ಹೆಸರಿನೊಳಗಿರುವ ಹೆಣ್ಣು. ಜನಪದರು ಹೇಳುವ ಕಥೆಗೆ ಹಲವು ಪಾಠಗಳಿವೆ. ಒಂದು ಪಾಠದಲ್ಲಿ ಸ್ವರ್ಗಾವತಿ ಪಟ್ಟಣದ ರಾಜಕುಮಾರಿ ಶಾಂತವ್ವ ಸಿದ್ಧಪುರುಷನೊಬ್ಬನಿಗೆ ಒಲಿಯುತ್ತಾಳೆ; ಆ ಒಲವಿನ ಫಲವಾಗಿ, ಪ್ರಾಯಶ್ಚಿತ್ತವೆಂದೋ ಪಣವೆಂದೋ, ಕೆರೆ ಕಟ್ಟಿಸುತ್ತಾಳೆ. ತಂದೆಯ ಊರೇ ನೀರಿನಲ್ಲಿ ಮುಳುಗುವುದರಿಂದ ಆತ ಮಗಳನ್ನು ಹೀನ ಮಾತಿನಿಂದ ಶಪಿಸುತ್ತಾನೆ. ಶಾಪದ ಮಾತೇ ಕೆರೆಗೆ ಹೆಸರಾಗಿ ಅಂಟಿಕೊಳ್ಳುತ್ತದೆ. ಇನ್ನೊಂದು ಪಾಠದಲ್ಲಿ ಆ ತಾಣ ವೇಶ್ಯೆಯರ ಕೇರಿ. ಕೆರೆಗಾಗಿ ಮನೆಗಳನ್ನು ಬಿಟ್ಟುಕೊಡಲು ಅವರು ಒಪ್ಪುವುದು ಒಂದೇ ಕರಾರಿನ ಮೇಲೆ: ಕೆರೆಗೆ ತಮ್ಮ ಹೆಸರು ಇರಬೇಕು. ಮೊದಲ ಕಥೆಯಲ್ಲಿ ಹೆಸರು ಶಾಪ, ಎರಡನೆಯದರಲ್ಲಿ ಹಕ್ಕು. ಎರಡರಲ್ಲಿಯೂ ಸಮಾನವಾದುದು ಮುಳುಗಡೆ. ಯಾರದೋ ಮನೆ ನೀರಿನಡಿ ಹೋದದ್ದರಿಂದ ಉಳಿದವರಿಗೆ ನೀರು ದೊರಕಿತು ಎಂಬ ನೆನಪು ಎರಡೂ ಪಾಠಗಳ ತಳದಲ್ಲಿದೆ.

'ಕೆರೆಗೆ ಹಾರ' ಎಂಬ ಪ್ರಸಿದ್ಧ ಕಥನಗೀತೆಯನ್ನು ಬಲ್ಲ ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲೊಂದು ತುಲನೆ ತಟ್ಟನೆ ಹೊಳೆಯುತ್ತದೆ. ಅಲ್ಲಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬೀಳದೆ ಹೋದಾಗ ಕಿರಿಯ ಸೊಸೆ ಭಾಗೀರತಿಯನ್ನು ಬಲಿ ಕೊಡಲಾಗುತ್ತದೆ. ನಿರ್ಣಯ ಮನೆಯ ಹಿರಿಯರದು, ಪ್ರಾಣ ಅವಳದು. ಸೂಳೆಕೆರೆಯ ಕಥೆಯಲ್ಲಿ ನಿರ್ಣಯ ಹೆಣ್ಣಿನದೇ. ಆಕೆ ತೆತ್ತದ್ದು ಮಾನವನ್ನು. ಭಾಗೀರತಿಗೆ ಹಾಡು ಸಿಕ್ಕಿತು, ಶಾಂತವ್ವನಿಗೆ ಬೈಗುಳ ಸಿಕ್ಕಿತು. ಕೆರೆಯ ನಿರ್ಮಾಣದ ಹಿಂದೆ ಒಂದು ಬೆಲೆ ಇದೆ ಎಂಬುದನ್ನು ಜನಪದ ಮನಸ್ಸು ಎರಡು ಕಡೆಗಳಲ್ಲಿಯೂ ಮರೆತಿಲ್ಲ.

ಆಧುನಿಕ ಕಾಲ ಈ ಹೆಸರಿನಿಂದ ಮುಜುಗರಪಟ್ಟು 'ಶಾಂತಿಸಾಗರ'ವೆಂಬ ಸೌಮ್ಯ ನಾಮವನ್ನು ಮುಂದಿಟ್ಟಿದೆ. ಅದರಲ್ಲಿ ಶಾಂತವ್ವನ ನೆನಪು ಇರುವುದು ಸಮಾಧಾನದ ಸಂಗತಿ. ಆದರೂ ಹಳೆಯ ಹೆಸರನ್ನು ಕೇವಲ ಹೊಲೆಮಾತೆಂದು ತಳ್ಳಿಹಾಕುವ ಮುನ್ನ ಶಾಸನಗಳ ಭಾಷೆಯನ್ನು ನೋಡಬೇಕು. ಎಂಟನೆಯ ಶತಮಾನದ ಆದಿಭಾಗದ ಮಹಾಕೂಟದ ಶಾಸನದಲ್ಲಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯನ್ನು ಇದೇ ಪದದಿಂದ ಕರೆಯಲಾಗಿದೆ, ಅದೂ ಗೌರವ ಬಹುವಚನದಲ್ಲಿ. ಆಕೆ ಹಿರಣ್ಯಗರ್ಭದಾನವನ್ನು ಮಾಡಿದವಳು, ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿದವಳು. ದೇವಾಲಯಗಳ ಪರಿಚಾರಕ ವರ್ಗದಲ್ಲಿ, ದತ್ತಿ ಪಡೆದವರ ಮತ್ತು ದತ್ತಿ ಕೊಟ್ಟವರ ಸಾಲಿನಲ್ಲಿ ಈ ಪದ ಶಾಸನಗಳಲ್ಲಿ ನಿಸ್ಸಂಕೋಚವಾಗಿ ಬರುತ್ತದೆ. ಅಲ್ಲಿ ಈ ಪದ ಬೈಗುಳವಲ್ಲ. ಹೆಸರನ್ನು ಸೌಮ್ಯಗೊಳಿಸುವವರು ಅದರೊಳಗಿನ ಋಣವನ್ನೂ ಅಳಿಸುತ್ತಿರಬಹುದು. ತನಗಾಗಿ ಯಾರೋ ಮನೆ ಕಳೆದುಕೊಂಡರೆಂದು ಬಲ್ಲವನು ಆ ನೀರನ್ನು ಬಳಸುವ ರೀತಿಯೇ ಬೇರೆ.

ಕಥೆಯಿಂದ ಶಾಸ್ತ್ರಕ್ಕೆ ಬಂದರೆ, ಪ್ರಾಚೀನರು ಕೆರೆಯನ್ನು ಹೇಗೆ ಕಂಡಿದ್ದರೆಂಬುದಕ್ಕೆ ಒಂದು ಅಪೂರ್ವ ದಾಖಲೆ ಲಭ್ಯವಿದೆ. ಇಂದಿನ ಆಂಧ್ರಪ್ರದೇಶದ ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರ ಭವದೂರನು 1369ರಲ್ಲಿ ಕೆರೆಯೊಂದನ್ನು ಕಟ್ಟಿಸಿ ಹಾಕಿಸಿದ ಸಂಸ್ಕೃತ ಶಾಸನವದು. ದಿನಕ್ಕೆ ಸಾವಿರ ಆಳು, ನೂರು ಬಂಡಿಗಳಂತೆ ಎರಡು ವರ್ಷ ಕೆಲಸ ನಡೆಯಿತೆಂಬ ಲೆಕ್ಕವನ್ನು ಅದು ಕೊಡುತ್ತದೆ. ಅದಕ್ಕಿಂತ ಮಹತ್ತ್ವದ್ದು, ಉತ್ತಮ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಪಟ್ಟಿ ಮಾಡಿರುವುದು. ಧರ್ಮಿಷ್ಠನೂ ಸಂಪನ್ನನೂ ಆದ ದೊರೆ, ಜಲಶಾಸ್ತ್ರ ಬಲ್ಲ ವಿದ್ವಾಂಸ, ಗಟ್ಟಿಯಾದ ಜೇಡಿ ನೆಲ, ಸಿಹಿನೀರಿನ ಹೊಳೆ, ಕೆರೆಗೆ ತಾಗಿದ ಬೆಟ್ಟ, ಆಳವೂ ವಿಶಾಲವೂ ಆದ ಪಾತ್ರ, ಹತ್ತಿರದಲ್ಲೊಂದು ಕಲ್ಲಿನ ಗಣಿ, ಕಟ್ಟುವ ಕಲೆ ಬಲ್ಲ ಜನ, ಇವೆಲ್ಲ ಅಂಗಗಳಲ್ಲಿ ಸೇರುತ್ತವೆ. ಅವುಗಳಲ್ಲೊಂದು, ಬೆಟ್ಟಗಳ ನಡುವೆ ಒತ್ತಾದ ಕಲ್ಲಿನಿಂದ ಕಟ್ಟಿದ, ತೀರ ಉದ್ದವಲ್ಲದ, ಗಟ್ಟಿಯಾದ ಏರಿ. ಸೂಳೆಕೆರೆಯನ್ನು ನೋಡಿಯೇ ಈ ಲಕ್ಷಣ ಬರೆದಂತಿದೆ. ವಾಸ್ತವದಲ್ಲಿ ಈ ಶಾಸನಕ್ಕಿಂತ ಹಳೆಯದೆಂದು ಪರಂಪರೆ ನಂಬುವ ಸೂಳೆಕೆರೆ, ಶಾಸ್ತ್ರ ಅಕ್ಷರಕ್ಕೆ ಇಳಿಯುವ ಮೊದಲೇ ಅನುಭವದಲ್ಲಿ ಸಿದ್ಧವಾಗಿತ್ತೆಂಬುದರ ಕುರುಹು.

ಅಂಗಗಳ ಮಾತು ಕಟ್ಟುವವರಿಗೆ. ಕಟ್ಟಿದ್ದನ್ನು ಉಳಿಸಿಕೊಳ್ಳಬೇಕಾದವರು ಓದಬೇಕಾದದ್ದು ಆರು ದೋಷಗಳ ಪಟ್ಟಿಯನ್ನು. ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು, ಅಂಗಳದ ನಡುವೆ ಆಮೆಯ ಬೆನ್ನಿನಂತೆ ನೆಲ ಉಬ್ಬಿರುವುದು, ನೀರು ಕಡಿಮೆಯಾಗಿ ಉಣ್ಣುವ ಭೂಮಿ ಹೆಚ್ಚಾಗಿರುವುದು, ಭೂಮಿ ಕಡಿಮೆಯಾಗಿ ನೀರು ಅತಿಯಾಗಿರುವುದು ಎಂಬಿವು ಆ ಆರು. ಕೆರೆ ಕಟ್ಟುವ ತಾಣವನ್ನು ಆರಿಸುವವರಿಗೆ ಹೇಳಿದ ಎಚ್ಚರಿಕೆಗಳಿವು. ಆದರೆ ಹುಟ್ಟಿನಲ್ಲಿ ದೋಷವಿಲ್ಲದ ಕೆರೆಗೂ ಕಾಲಾಂತರದಲ್ಲಿ ಇದೇ ದೋಷಗಳು ಬಂದು ಸೇರಬಲ್ಲವು. ಸೂಳೆಕೆರೆಯ ಇಂದಿನ ಸ್ಥಿತಿಯನ್ನು ಅರಿಯಲು ಈ ಹಳೆಯ ಪಟ್ಟಿಗಿಂತ ಒಳ್ಳೆಯ ಕೈಪಿಡಿ ದೊರೆಯದು.

ಅಂಗಳದ ಉಬ್ಬನ್ನು ಮೊದಲು ನೋಡಬಹುದು. ಜಲಾನಯನದ ಗುಡ್ಡಗಳ ಮೇಲೆ ಮರಗಿಡಗಳಿದ್ದಾಗ ಮಳೆನೀರು ಬೇರುಗಳ ನಡುವೆ ತಂಗಿ, ತಿಳಿಯಾಗಿ ಇಳಿಯುತ್ತದೆ. ಗುಡ್ಡ ಬೋಳಾದರೆ, ಇಳಿಜಾರಿನ ನೆಲವನ್ನು ಬದುವಿಲ್ಲದೆ ಉತ್ತರೆ, ಮಳೆ ಮೇಲ್ಮಣ್ಣನ್ನು ಹೊತ್ತು ತರುತ್ತದೆ. ಹೊಳೆಯ ವೇಗ ನಿಂತ ನೀರಿಗೆ ಬಡಿದು ಕುಗ್ಗಿದ ಕ್ಷಣ ಮಣ್ಣು ತಳಕ್ಕಿಳಿಯುತ್ತದೆ. ಹೀಗೆ ವರ್ಷವರ್ಷವೂ ಸೇರುವ ಹೂಳು ಕೆರೆಯ ಅಗಲವನ್ನು ಮುಟ್ಟದೆ ಆಳವನ್ನು ಕದಿಯುತ್ತದೆ. ಏರಿಯ ಮೇಲೆ ನಿಂತ ಪ್ರವಾಸಿಗೆ ಈ ಕಳವು ತಿಳಿಯುವುದೇ ಇಲ್ಲ, ಏಕೆಂದರೆ ನೀರಿನ ಮೇಲ್ಮೈ ಮೊದಲಿನಂತೆಯೇ ಹೊಳೆಯುತ್ತಿರುತ್ತದೆ. ಆಳವಿಲ್ಲದ ನೀರು ಬೇಗ ಕಾಯುತ್ತದೆ, ಬೇಗ ಆವಿಯಾಗುತ್ತದೆ, ಬೇಸಿಗೆಯಲ್ಲಿ ಬೇಗ ಹಿಂದೆ ಸರಿಯುತ್ತದೆ. ನೀರು ಹಿಂದೆ ಸರಿದ ಅಂಗಳದಲ್ಲಿ ನೇಗಿಲು ಇಳಿಯುತ್ತದೆ. ಒಂದು ವರ್ಷದ ಬೆಳೆ ಮರುವರ್ಷ ತೋಟವಾಗುತ್ತದೆ. ಹೂಳು ಮತ್ತು ಒತ್ತುವರಿ ಎರಡು ಸಮಸ್ಯೆಗಳಂತೆ ತೋರಿದರೂ ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ.

ನೀರು ಕಡಿಮೆ, ಉಣ್ಣುವ ಭೂಮಿ ಹೆಚ್ಚು ಎಂಬ ದೋಷ ಚನ್ನಗಿರಿಯಲ್ಲಿ ಬೇರೊಂದು ರೂಪದಲ್ಲಿ ಬಂದಿದೆ. ಲಕ್ಕವಳ್ಳಿಯ ಭದ್ರಾ ಜಲಾಶಯ 1960ರ ದಶಕದಲ್ಲಿ ಪೂರ್ಣಗೊಂಡು ನಾಲೆಯ ನೀರು ಈ ಸೀಮೆಗೆ ಹರಿದ ಮೇಲೆ ಭತ್ತ ವ್ಯಾಪಿಸಿತು, ಅಡಿಕೆ ಅದಕ್ಕಿಂತ ವೇಗವಾಗಿ ವ್ಯಾಪಿಸಿತು. ಭತ್ತದ ಗದ್ದೆಯನ್ನು ಬರದ ವರ್ಷ ಬೀಳು ಬಿಡಬಹುದು. ಅಡಿಕೆ ಮರವನ್ನು ಹಾಗೆ ಬಿಡಲಾಗದು. ಅದು ಹತ್ತಾರು ವರ್ಷಗಳ ಹೂಡಿಕೆ, ಅದಕ್ಕೆ ಪ್ರತಿ ಬೇಸಿಗೆಯೂ ನೀರು ಬೇಕೇ ಬೇಕು. ಮಳೆ ಕೈಕೊಟ್ಟ ವರ್ಷಗಳಲ್ಲಿ ರೈತರು ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಳ್ಳಲು ಹೆಣಗಿದ್ದನ್ನು ಈ ತಾಲ್ಲೂಕು ಕಂಡಿದೆ. ಇದರಲ್ಲಿ ರೈತನನ್ನು ದೂಷಿಸುವಂಥದೇನೂ ಇಲ್ಲ. ಬೆಲೆ ಇರುವ ಬೆಳೆಯತ್ತ ಅವನು ವಾಲುವುದು ಸಹಜ. ಹಾಗಿದ್ದರೂ ಕೊಳವೆಬಾವಿಗಳು ಅಂತರ್ಜಲವನ್ನು ಆಳಕ್ಕೆ ತಳ್ಳಿದಂತೆ ಹಳ್ಳಗಳು ಕೆರೆಗೆ ತರುವ ಹರಿವೂ ಕುಗ್ಗುತ್ತದೆಂಬುದು ಭೌತನಿಯಮ. ಕೆರೆಯ ಮೇಲ್ಭಾಗದ ತೋಟ ಮತ್ತು ಕೆಳಭಾಗದ ಗದ್ದೆ ಒಂದೇ ನೀರಿನ ಎರಡು ಪಾಲುದಾರರು. ಅವರಿಬ್ಬರೂ ಒಂದೆಡೆ ಕುಳಿತು ಲೆಕ್ಕ ಹಾಕುವ ಕಟ್ಟೆ ಈಗ ಇಲ್ಲ.

ಮೂರನೆಯ ದೋಷ, ಎರಡು ರಾಜ್ಯಗಳ ಗಡಿಯಲ್ಲಿರುವ ಕೆರೆ, ಮೇಲುನೋಟಕ್ಕೆ ಇಂದು ಅಪ್ರಸ್ತುತವೆನಿಸಬಹುದು. ರಾಜರಿಲ್ಲ, ರಾಜ್ಯಗಳ ಕಾದಾಟವಿಲ್ಲ. ಆದರೆ ಶಾಸನಕಾರನ ಭಯದ ತಿರುಳೇನು? ಇಬ್ಬರ ಸೊತ್ತಾದುದನ್ನು ಇಬ್ಬರೂ ಬಳಸುತ್ತಾರೆ, ದುರಸ್ತಿ ಮಾಡಿಸಬೇಕಾದಾಗ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ ಎಂಬುದೇ ಅಲ್ಲವೆ? ದೊಡ್ಡ ಕೆರೆಯೊಂದರ ಏರಿ ಮತ್ತು ತೂಬು ನೀರಾವರಿಯವರ ಹೊಣೆ. ಮೀನು ಮೀನುಗಾರಿಕೆ ಇಲಾಖೆಯದು. ಗುಡ್ಡದ ಕಾಡು ಅರಣ್ಯ ಇಲಾಖೆಯದು. ಅಂಗಳದ ಅಳತೆ ಕಂದಾಯ ಇಲಾಖೆಯದು. ದಡದ ವಿಹಾರ ಪ್ರವಾಸೋದ್ಯಮದ್ದು. ಕುಡಿಯುವ ನೀರಿನ ಕೊಳವೆ ಇನ್ನೊಬ್ಬರದು. ಸೂಳೆಕೆರೆ ಇರುವುದು ದಾವಣಗೆರೆ ಜಿಲ್ಲೆಯಲ್ಲಿ. ಅದರ ನೀರನ್ನು ಕೊಳವೆಯ ಮೂಲಕ ಪಡೆದು ಕುಡಿಯುವ ಚಿತ್ರದುರ್ಗ ನಗರ ಇರುವುದು ಬೇರೆ ಜಿಲ್ಲೆಯಲ್ಲಿ. ಕೆರೆಯನ್ನು ನೋಡಲು ಬರುವ ಪ್ರವಾಸಿ ಆ ನೀರನ್ನು ಕುಡಿಯುವುದಿಲ್ಲ. ಕುಡಿಯುವ ನಗರವಾಸಿಗಳಲ್ಲಿ ಬಹುಮಂದಿ ಕೆರೆಯನ್ನು ನೋಡಿರುವುದಿಲ್ಲ. ಹದಿನಾಲ್ಕನೆಯ ಶತಮಾನದ ಶಾಸನ ಹೆಸರಿಸಿದ ಗಡಿ ಅಳಿದಿಲ್ಲ. ಅದು ಕಡತಗಳ ನಡುವೆ ಸರಿದು ಕುಳಿತಿದೆ.

ಈ ಗಡಿಗಳಿಲ್ಲದಿದ್ದಾಗ ಕೆರೆಯನ್ನು ಕಾಯುತ್ತಿದ್ದವರು ಯಾರು? ಕನ್ನಡ ಶಾಸನಗಳಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ಕೆರೆಯ ನಿರ್ವಹಣೆಗಾಗಿ ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು ಬಿತ್ತುವಟ್ಟ. ಕಟ್ಟಿದವನಿಗೂ ಜೀರ್ಣೋದ್ಧಾರ ಮಾಡಿದವನಿಗೂ ಸಲ್ಲುತ್ತಿದ್ದ ಹತ್ತನೆಯ ಒಂದು ಪಾಲು ದಶವಂದ. ಕೆರೆಗಾಗಿ ಕೊಟ್ಟ ಮಾನ್ಯಭೂಮಿ ಕೆರೆಗೊಡಗೆ, ಕಟ್ಟುಕೊಡಗೆ. ತೂಬಿನ ನೀರನ್ನು ಸರದಿಯಂತೆ ಬಿಡುವ ನೀರುಗಂಟಿಗೂ ಬೆಳೆಯಲ್ಲಿ ಪಾಲು ಇತ್ತು. ಈ ಪಾರಿಭಾಷಿಕ ಪದಗಳನ್ನು ನಿಘಂಟಿನ ಅರ್ಥದಲ್ಲಿ ಮಾತ್ರ ಓದಿ ಬಿಡುವುದು ಸಾಲದು. ಇವೆಲ್ಲ ಒಂದೇ ತತ್ತ್ವವನ್ನು ಹೇಳುತ್ತವೆ: ಕೆರೆಯಿಂದ ಬಂದ ಬೆಳೆಯಲ್ಲಿ ಒಂದು ಪಾಲು ಕೆರೆಗೇ ಮರಳಬೇಕು. ದುರಸ್ತಿ ಎಂಬುದು ಯಾರೋ ತೋರುವ ಔದಾರ್ಯವಾಗಿರಲಿಲ್ಲ. ಪ್ರತಿ ಸುಗ್ಗಿಯ ಲೆಕ್ಕದಲ್ಲಿ ಮೊದಲೇ ಸೇರಿದ್ದ ಬಾಬ್ತಾಗಿತ್ತು. ಬೇಸಿಗೆಯಲ್ಲಿ ಬಂಡಿ ಕಟ್ಟಿಕೊಂಡು ಬಂದು ಅಂಗಳದ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದ ರೈತ ತನ್ನ ಹೊಲಕ್ಕೆ ಗೊಬ್ಬರ ತಂದುಕೊಳ್ಳುತ್ತ ಕೆರೆಯ ಹೂಳನ್ನೂ ಎತ್ತುತ್ತಿದ್ದ.

ಸಾಹಿತ್ಯ ಚರಿತ್ರೆಯೂ ಈ ಗೌರವಕ್ಕೆ ಸಾಕ್ಷಿ. 'ದೀಕ್ಷಾಬೋಧೆ'ಯನ್ನು ಬರೆದ ಪದ್ಮರಸನು ಹೊಯ್ಸಳರ ಕಾಲದಲ್ಲಿ ಬೇಲೂರಿನಲ್ಲಿ ಕೆರೆ ಕಟ್ಟಿಸಿದ್ದಕ್ಕಾಗಿ 'ಕೆರೆಯ ಪದ್ಮರಸ'ನೆಂದೇ ಹೆಸರಾದ. ಗ್ರಂಥಕ್ಕಿಂತ ಮೊದಲು ಕೆರೆ ಕವಿಯ ಬಿರುದಾಯಿತು. ಸೊನ್ನಲಿಗೆಯ ಸಿದ್ಧರಾಮನ ಕಾಯಕದ ನಡುವೆ ಇದ್ದುದೂ ಕೆರೆಯ ನಿರ್ಮಾಣವೇ. ರಾಘವಾಂಕ ಅವನ ಚರಿತೆಯನ್ನು ಕಾವ್ಯವಾಗಿಸಿದ. ಈ ಶ್ರಮದ ಒಟ್ಟು ಫಲವನ್ನು ಕಂಡ ಮೈಸೂರಿನ ಮುಖ್ಯ ಎಂಜಿನಿಯರ್ ಮೇಜರ್ ಸ್ಯಾಂಕಿ, 1860ರ ದಶಕದಲ್ಲಿ, ಈ ಸಂಸ್ಥಾನದಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಬಹಳ ಜಾಣ್ಮೆ ಬೇಕಾದೀತು ಎಂಬ ಅರ್ಥದಲ್ಲಿ ಬರೆದ. ಚನ್ನಗಿರಿ ತಾಲ್ಲೂಕಿನಲ್ಲಿಯೇ ಇದರ ಇನ್ನೊಂದು ಮುಖವಿದೆ: ಸಂತೇಬೆನ್ನೂರಿನ ಪುಷ್ಕರಣಿ. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಈ ಮೆಟ್ಟಿಲುಕೊಳದ ನಡುವೆ ವಸಂತಮಂಟಪ ನಿಂತಿದೆ. ಪುಷ್ಕರಣಿ ಕಣ್ಣಿಗೆ ಹಬ್ಬವಾಗಲೆಂದು ಕಟ್ಟಿದ ಜಲಶಿಲ್ಪ. ಸೂಳೆಕೆರೆ ಹೊಟ್ಟೆಗೆಂದು ಕಟ್ಟಿದ ಜಲಾಶಯ. ಹಿಂದಿನವರು ಎರಡನ್ನೂ ಬೇರೆಬೇರೆಯಾಗಿ ಅರಿತಿದ್ದರು.

ಈಗಿನ ಕೆರೆದಡದ ಉದ್ಯಾನಗಳು ಈ ಎರಡರ ಭೇದವನ್ನು ಮಸುಕಾಗಿಸುತ್ತಿವೆ. ನಾಡಿನ ನಗರಗಳಲ್ಲೆಲ್ಲ ಕೆರೆಯ ಅಭಿವೃದ್ಧಿಯೆಂದರೆ ನಡೆಯುವ ಹಾದಿ, ಕಲ್ಲುಬೆಂಚು, ದೀಪಗಳ ಸಾಲು, ಮಕ್ಕಳ ಜೋಕಾಲಿ ಎಂಬ ತಿಳಿವಳಿಕೆ ಬೇರೂರಿದೆ. ದಾವಣಗೆರೆಯ ಕುಂದವಾಡ ಕೆರೆ ಇದಕ್ಕೆ ಹತ್ತಿರದ ನಿದರ್ಶನ. ಭದ್ರಾ ನಾಲೆಯ ನೀರನ್ನು ತುಂಬಿಸಿಕೊಂಡು ನಗರಕ್ಕೆ ಕುಡಿಯಲು ಕೊಡುವ ಆ ಕೆರೆಯ ದಡದಲ್ಲಿ ಬೆಳಗಿನ ನಡಿಗೆಯವರು ತುಂಬಿರುತ್ತಾರೆ. ಉದ್ಯಾನವನ್ನು ಹಳಿಯುವುದು ಸುಲಭ, ಆದರೆ ಅನ್ಯಾಯ. ನಗರದ ಮಗು ತೆರೆದ ನೀರನ್ನು, ನೀರಕ್ಕಿಯನ್ನು ಮೊದಲು ಕಾಣುವುದು ಅಲ್ಲಿಯೇ. ದಿನವೂ ನಡೆಯಲು ಬರುವವನು ನೀರಿನಲ್ಲಿ ತೇಲುವ ಕಸವನ್ನು ಕಂಡು ಪ್ರಶ್ನಿಸುವ ಮೊದಲಿಗನೂ ಆಗಬಲ್ಲ. ತೊಡಕು ಇರುವುದು ಉದ್ಯಾನವೇ ಸಂರಕ್ಷಣೆಯೆಂದು ಭಾವಿಸುವುದರಲ್ಲಿ. ಉದ್ಯಾನ ಕಾಯುವುದು ದಡವನ್ನು. ಕೆರೆಯ ಜೀವ ಇರುವುದು ದಡದಿಂದ ಮೈಲಿಗಳಾಚೆಯ ಹಳ್ಳಗಳಲ್ಲಿ. ಅಂಚಿಗೆ ಕಾಂಕ್ರೀಟ್ ಹಾಕಿದಾಗ ಜೊಂಡು ಬೆಳೆಯುವ ಕೆಸರಂಚು ಇಲ್ಲವಾಗುತ್ತದೆ. ಮೀನು ಮೊಟ್ಟೆಯಿಡುವುದು, ನೀರಕ್ಕಿ ಗೂಡು ಕಟ್ಟುವುದು, ಹೊಲಗಳಿಂದ ಬರುವ ಗೊಬ್ಬರದ ಸಾರ ಸೋಸಿಹೋಗುವುದು ಆ ಕೆಸರಂಚಿನಲ್ಲಿಯೇ.

ಈ ಸಂದರ್ಭದಲ್ಲಿ ಶ್ರಾವಕಾಚಾರ ಗ್ರಂಥಗಳ ಎರಡು ಮೂರು ವಿಧಿಗಳನ್ನು ನೆನೆಯುವುದು ಉಚಿತ. ನೀರನ್ನು ಸೋಸಿ ಕುಡಿಯಬೇಕೆಂಬ ಜೈನ ನಿಯಮ ಎಲ್ಲರಿಗೂ ತಿಳಿದಿದೆ. ಅದರ ಉತ್ತರಾರ್ಧ ಅಷ್ಟು ಪ್ರಚಾರದಲ್ಲಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಯಾವ ಜಲಾಶಯದಿಂದ ನೀರು ತಂದದ್ದೋ ಅದಕ್ಕೇ ಮರಳಿ ಬಿಡಬೇಕು, ಬೇರೊಂದು ನೀರಿಗೆ ಬಿಡುವುದು ದೋಷವೆಂದು ಹದಿಮೂರನೆಯ ಶತಮಾನದ ಆಶಾಧರನ 'ಸಾಗಾರಧರ್ಮಾಮೃತ' ಹೇಳುತ್ತದೆ. ಗೃಹಸ್ಥನು ತೊರೆಯಬೇಕಾದ ಹದಿನೈದು ಕ್ರೂರ ವೃತ್ತಿಗಳ ಪಟ್ಟಿಯಲ್ಲಿ 'ಸರಃಶೋಷ', ಅಂದರೆ ಕೆರೆಗಳನ್ನು ಬತ್ತಿಸುವುದು, ಒಂದು. ಆಶಾಧರನಿಗಿಂತ ಬಹಳ ಹಿಂದಿನ ಸಮಂತಭದ್ರನು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜಕವಾಗಿ ಕೆಣಕುವುದನ್ನು ಪ್ರಮಾದಚರ್ಯೆಯೆಂದು ಎಣಿಸಿದ್ದಾನೆ. ಈ ವಿಧಿಗಳ ಉದ್ದೇಶ ಅಹಿಂಸೆ. ಪರಿಸರಶಾಸ್ತ್ರವನ್ನು ಅವುಗಳ ಮೇಲೆ ಆರೋಪಿಸಬೇಕಾಗಿಲ್ಲ. ಆದರೂ ಒಂದು ನೀರಿನ ಜೀವಿಯನ್ನು ಇನ್ನೊಂದು ನೀರಿಗೆ ಬೆರೆಸಬಾರದೆಂಬ ಮಾತಿನ ವಿವೇಕವನ್ನು ಇಂದಿನ ಕೆರೆಗಳು ಎತ್ತಿ ತೋರಿಸುತ್ತಿವೆ. ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆಂದು ಬಂದ ಅಂತರಗಂಗೆಯ ಜಾತಿಯ ಕಳೆ ಎಷ್ಟೋ ಕೆರೆಗಳ ಮುಖ ಮುಚ್ಚಿದೆ. ಸಾಕಣೆಗೆಂದು ತಂದ ಆಫ್ರಿಕನ್ ಕ್ಯಾಟ್‌ಫಿಶ್ ನಾಡಮೀನುಗಳನ್ನು ನುಂಗುತ್ತಿರುವುದರಿಂದ ಅದರ ಸಾಕಣೆಯನ್ನೇ ನಿಷೇಧಿಸಬೇಕಾಯಿತು.

ಭೂಮಿಯ ಮೇಲಿನ ನೀರಿನಲ್ಲಿ ಸಿಹಿನೀರಿನ ಪಾಲು ನೂರಕ್ಕೆ ಮೂರನ್ನೂ ಮುಟ್ಟುವುದಿಲ್ಲ. ಅದರಲ್ಲಿ ಬಹುಭಾಗ ಹಿಮವಾಗಿ ಹೆಪ್ಪುಗಟ್ಟಿದೆ, ಉಳಿದುದರಲ್ಲಿ ಹೆಚ್ಚಿನದು ನೆಲದೊಳಗಿದೆ. ಕೆರೆ ಹೊಳೆಗಳಲ್ಲಿ ಕೈಗೆಟುಕುವುದು ಬಹು ಸಣ್ಣ ಅಂಶ. ಈ ಅರಿವಿನಿಂದ ಹಲವು ದೇಶಗಳು 1971ರಲ್ಲಿ ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ಜೌಗುಭೂಮಿಗಳ ರಕ್ಷಣೆಗೆ ಒಪ್ಪಂದ ಮಾಡಿಕೊಂಡವು. ಕರ್ನಾಟಕದಿಂದ ಆ ಪಟ್ಟಿಗೆ ಮೊದಲು ಸೇರಿದ್ದು ರಂಗನತಿಟ್ಟು, 2022ರಲ್ಲಿ. 2024ರಲ್ಲಿ ಅಘನಾಶಿನಿ ಅಳಿವೆಯೊಂದಿಗೆ ಗದಗ ಜಿಲ್ಲೆಯ ಮಾಗಡಿ ಕೆರೆಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಸೇರಿದವು. ಈ ಕೊನೆಯ ಎರಡು, ಮನುಷ್ಯರು ಬೇಸಾಯಕ್ಕಾಗಿ ಕಟ್ಟಿದ ಕೆರೆಗಳೆಂಬುದು ಗಮನಾರ್ಹ. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತಿಗೆ ಮಾಗಡಿ ಕೆರೆ ಯಾರು ಕಟ್ಟಿದರೆಂಬುದು ಮುಖ್ಯವಲ್ಲ. ನೀರು ಇದೆಯೆಂಬುದು ಮುಖ್ಯ. ಮನುಷ್ಯ ತನಗಾಗಿ ಕಟ್ಟಿದ್ದು ಕಾಲಕ್ರಮದಲ್ಲಿ ಉಳಿದ ಜೀವಗಳ ಸೊತ್ತೂ ಆಗುತ್ತದೆ.

ಕಾನೂನು ಇಲ್ಲವೆಂದಲ್ಲ. 2014ರಲ್ಲಿ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಅಧಿನಿಯಮ ರೂಪುಗೊಂಡಿತು. ಸೂಳೆಕೆರೆಯ ವಿಷಯದಲ್ಲಿ ಖಡ್ಗ ಎಂಬ ಸ್ಥಳೀಯ ಸಂಘಟನೆ ಸರ್ವೆ ನಡೆಸಿ ಗಡಿ ಗುರುತಿಸಬೇಕು, ಒತ್ತುವರಿ ತೆರವುಗೊಳಿಸಬೇಕು, ಹೂಳೆತ್ತಬೇಕು ಎಂದು ವರ್ಷಗಟ್ಟಲೆ ಒತ್ತಾಯಿಸುತ್ತ 'ಕೆರೆ ಎಲ್ಲಿಯವರೆಗೆ?' ಎಂಬ ಮೂಲ ಪ್ರಶ್ನೆಯನ್ನು ಎತ್ತಿದೆ. ಎಲ್ಲಿಯವರೆಗೆ ಎಂಬುದು ತಿಳಿಯದ ಹೊರತು ಯಾವ ಕಾನೂನನ್ನೂ ಜಾರಿ ಮಾಡಲಾಗದು.

ಈ ಪ್ರಶ್ನೆಯ ಉತ್ತರದಲ್ಲಿ ಸಾಹಿತ್ಯ ಮತ್ತು ಇತಿಹಾಸದ ಸಂಶೋಧಕರಿಗೂ ಪಾಲಿದೆ. ಚನ್ನಗಿರಿ ಹಾಗೂ ಹೊನ್ನಾಳಿಯ ಶಾಸನಗಳನ್ನು ಬಿ. ಎಲ್. ರೈಸ್ 1902ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಆಗ ಈ ಸೀಮೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ದಾವಣಗೆರೆಯ ಕೆರೆಗಳನ್ನು ಅರಸುವ ವಿದ್ಯಾರ್ಥಿ ಶಿವಮೊಗ್ಗದ ಸಂಪುಟವನ್ನು ತೆರೆಯಬೇಕು. ಶಾಸನಪಾಠಗಳಲ್ಲಿ ಅಧ್ಯಯನಕಾರರು ಸಾಮಾನ್ಯವಾಗಿ ಅರಸರ ಪ್ರಶಸ್ತಿಯನ್ನೂ ದಾನಿಯ ವಂಶವನ್ನೂ ಓದಿ, ಕೊನೆಯ ಗಡಿವಿವರಗಳನ್ನು ನೀರಸವೆಂದು ದಾಟಿಬಿಡುತ್ತಾರೆ. ಮೂಡಣ ಹಳ್ಳ, ತೆಂಕಣ ಕೋಡಿ, ಹಿರಿಯ ಕೆರೆಯ ಕೆಳಗಣ ಗದ್ದೆ, ನಟ್ಟ ಕಲ್ಲು ಎಂಬಂಥ ಆ ವಿವರಗಳೇ ಕೆರೆಯ ಪಾಲಿಗೆ ಅಮೂಲ್ಯ. ಊರಿನ ಹೆಸರು, ಶಾಸನದ ಗಡಿ, ಕಂದಾಯದ ಹಳೆಯ ನಕ್ಷೆ, ನೀರುಗಂಟಿ ಮನೆತನದವರ ಬಾಯಿಮಾತು, ಈ ನಾಲ್ಕನ್ನು ಒಂದೆಡೆ ತಂದರೆ ಕಳೆದುಹೋದ ಎಷ್ಟೋ ಕೆರೆಗಳ, ಅವುಗಳಿಗೆ ನೀರು ತರುತ್ತಿದ್ದ ಕಾಲುವೆಗಳ ಜಾಡು ಸಿಕ್ಕೀತು. ಅಂಥ ಕೆಲಸಕ್ಕೆ ಒಬ್ಬ ವಿದ್ಯಾರ್ಥಿ, ಒಂದು ಹೋಬಳಿ, ಒಂದು ಬೇಸಿಗೆ ಸಾಕು. ಹಿಂದೆ ಶಾಸನವನ್ನು ಕಲ್ಲಿನಲ್ಲಿ ಕಡೆದು ಏರಿಯ ಬಳಿ ನಿಲ್ಲಿಸಿದ್ದು ಮುಂದಿನವರು ಓದಲೆಂದು. ಓದಿದವರು ಆ ಗಡಿಯನ್ನು ಕಾಯುತ್ತಾರೆಂಬ ನಂಬಿಕೆಯಿಂದ.